ನ್ಯಾಸ್‌ಗೆ ರಾತ್ರಿ ಡೌನ್‌ಲೋಡ್ ಹಾಕಿದರೆ ನೂರು ಪರ್ಸೆಂಟ್ ಆಗಿ ಎರರ್ ಬರ್ತಿದೆ, ಅದೂ ಕೆಲವಕ್ಕೆ ಮಾತ್ರ

ಅಡಿಕೆತೋಟ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮೊದಲೇ ಹೇಳಿಬಿಡ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ, ಹೈಸ್ಕೂಲಲ್ಲಿ ಗಣಿತ ಕಲಿಸುವವನು. ಹೋದ ತಿಂಗಳು ಬೆಂಗಳೂರಿನ ಭಾವ ಬಂದಾಗ ತನ್ನ ಹಳೆ ಸಿನಾಲಜಿ ನ್ಯಾಸ್ ಕೊಟ್ಟು ಹೋದ. ಮನೆ ನೆಟ್‌ವರ್ಕಿಗೆ ಜೋಡಿಸಿ ಫೈಲ್ ಇಡುವ ಡಬ್ಬಿ ಅದು, ಎರಡು ಡಿಸ್ಕ್ ಇರುವಂಥದ್ದು. "ಲ್ಯಾಪ್‌ಟಾಪ್ ರಾತ್ರಿಯೆಲ್ಲ ಯಾಕೆ ಉರಿಸ್ತೀಯಾ, ಇದಕ್ಕೆ ಹೇಳಿ ಮಲಗು, ಬೆಳಗ್ಗೆ ಎಲ್ಲ ಇಳಿದಿರುತ್ತೆ" ಅಂದ. ಸೆಟ್ಟಿಂಗೂ ಅವನೇ ಮಾಡಿಕೊಟ್ಟ. ಈಗ ಆಫೀಸಲ್ಲಿ ಏನೋ ಗಡಿಬಿಡಿಯಂತೆ, ಫೋನ್ ತೆಗೀತಿಲ್ಲ.

ನನಗೆ ಬೇಕಾಗಿದ್ದು ಇಷ್ಟು. ನಮ್ಮೂರ ತಾಳಮದ್ದಳೆ ಕೂಟದವರು ತಮ್ಮ ಹಳೆ ರೆಕಾರ್ಡಿಂಗ್‌ಗಳನ್ನೆಲ್ಲ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದ್ದಾರೆ, ಅವು ಆಯಿಗೆ ಬೇಕು. ಶಾಲೆಯ ಹಳೆ ಕಂಪ್ಯೂಟರ್‌ಗಳಿಗೆ ಒಂದು ಲಿನಕ್ಸ್ ಐಎಸ್‌ಒ, ಅಂದ್ರೆ ಇನ್‌ಸ್ಟಾಲ್ ಮಾಡುವ ಫೈಲ್. ನೆಟ್ ಇಲ್ಲದ ಕ್ಲಾಸಿಗೆ ಕಿವಿಕ್ಸ್‌ನ ಕನ್ನಡ ವಿಕಿಪೀಡಿಯ. ಆಮೇಲೆ ಮೈಸೂರು ವಿಶ್ವವಿದ್ಯಾಲಯದವರು 2014ರಲ್ಲಿ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟ ಕನ್ನಡ ವಿಶ್ವಕೋಶದ ಸಂಪುಟಗಳು.

ಡೌನ್‌ಲೋಡ್ ಸ್ಟೇಷನ್ ಅನ್ನೋ ಪ್ಯಾಕೇಜ್ ಇದೆಯಲ್ಲ, ಅದರಲ್ಲಿ ಒಟ್ಟು 118 ಲಿಂಕ್ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ 77 ಬಂದಿದೆ, 41ಕ್ಕೆ ಕೆಂಪು ಬಣ್ಣದಲ್ಲಿ ಎರರ್. ತಮಾಷೆ ಅಂದ್ರೆ ಅವು ಶುರುವಿಗೇ ಕೈಕೊಡಲ್ಲ. ಪೂರ್ತಿ ಇಳಿದು, ನೂರು ಪರ್ಸೆಂಟ್ ತೋರಿಸಿ, ಆಮೇಲೆ ಎರರ್. ಮತ್ತೆ ಹಾಕಿದರೆ ಅದೇ 41ಕ್ಕೆ ಮತ್ತೆ ಎರರ್. ಯಾರಿಗಾದರೂ ಹೀಗೆ ಆಗಿದೆಯಾ?

ಕರಾವಳಿಕೇಬಲ್ | ಭಾನುವಾರ ರಾತ್ರಿ 9:58

ಮಾಸ್ತರೇ, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಳಗೆ ಬರಲು ದಾರಿ) ಮಾಡಿದ್ದೀರಾ? ಡೌನ್‌ಲೋಡ್ ಸ್ಟೇಷನ್‌ನ ಟೊರೆಂಟಿಗೆ (ಜನ ಒಬ್ಬರಿಂದೊಬ್ಬರು ಫೈಲ್ ತರುವ ವಿಧಾನ) 16881ನೇ ಪೋರ್ಟ್ ಬೇಕು, ಟಿಸಿಪಿ ಯುಡಿಪಿ ಎರಡೂ. ನನ್ನ ಮನೆಯಲ್ಲಿ ಅದನ್ನು ತೆರೆದ ಮೇಲೇ ಸ್ಪೀಡ್ ಬಂದದ್ದು ಮಾರಾಯ್ರೇ.

ಮಲ್ಲೇಶ್ವರಮಾಮ | ಭಾನುವಾರ ರಾತ್ರಿ 10:21

ಕರಾವಳಿಯವರೇ, ನಿಲ್ಲಿ ನಿಲ್ಲಿ. ಮೇಷ್ಟ್ರು ಹಾಕಿರೋದು ಆರ್ಕೈವ್‌ನ ನೇರ ಲಿಂಕ್. ಅದು ಬ್ರೌಸರಲ್ಲಿ ಇಳಿಸಿಕೊಂಡ ಹಾಗೇ, ನಮ್ಮ ಕಡೆಯಿಂದ ಹೊರಗೆ ಹೋಗಿ ತರೋ ಕೆಲಸ. ಅದಕ್ಕೆ ರೂಟರಲ್ಲಿ ಒಂದು ಕಿಂಡಿಯೂ ಬೇಡ. ಪೋರ್ಟ್ ಬೇಕಾಗೋದು ಟೊರೆಂಟಲ್ಲಿ ಹೊರಗಿನವರು ನಮ್ಮನ್ನು ಹುಡುಕಿಕೊಂಡು ಬರೋದಕ್ಕೆ. ಅದಿಲ್ಲದಿದ್ದರೂ ಟೊರೆಂಟ್ ಇಳಿಯುತ್ತೆ, ಸ್ವಲ್ಪ ನಿಧಾನ ಅಷ್ಟೇ.

ಇನ್ನೊಂದು ಮಾತು, ಈಗಿನ ಎಷ್ಟೋ ಮನೆ ಕನೆಕ್ಷನ್‌ಗಳಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಅದು ಗೋಡೆಗೆ ಬಾಗಿಲು ಇಟ್ಟ ಹಾಗೆ. ರೂಟರ್‌ನ ವ್ಯಾನ್ ಐಪಿ, ಅಂದ್ರೆ ಹೊರಗಿನ ಕಡೆಯ ವಿಳಾಸ, ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿ ನ್ಯಾಟ್ ಒಳಗಿದ್ದೀರಿ ಅಂತ. ಒಂದೇ ಹೊರಗಿನ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿರ್ತಾವೆ, ಬೀದಿ ತುದಿಯ ಆ ಬಾಗಿಲು ನಿಮ್ಮ ಕೈಯಲ್ಲಿ ಇಲ್ಲ.

ಮೇಷ್ಟ್ರೇ, ಬಂದ 77ಕ್ಕೂ ಬಾರದ 41ಕ್ಕೂ ಏನು ವ್ಯತ್ಯಾಸ? ಸೈಜು, ಜಾಗ, ಹೆಸರು, ಏನಾದರೂ? ಗಣಿತ ಹೇಳಿಕೊಡೋರು ನೀವು, ಒಂದು ಪಟ್ಟಿ ಮಾಡಿ ನೋಡೋಣ.

ಹುಬ್ಬಳ್ಳಿಮಂದಿ | ಭಾನುವಾರ ರಾತ್ರಿ 10:35

ಡಿಸ್ಕ್ ಯಾವುದು ಅಂತ ಮೊದಲು ನೋಡಿರಿ ಸರ್. ಹಳೆ ನ್ಯಾಸ್ ಅಂದರೆ ಒಳಗೆ ಎಸ್‌ಎಂಆರ್ ಡಿಸ್ಕ್ ಇರಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನವರೇ ಒಪ್ಪಿಕೊಂಡರಲ್ಲ, 2ರಿಂದ 6 ಟಿಬಿಯ ಕೆಲವು ರೆಡ್ ಡಿಸ್ಕುಗಳು ಎಸ್‌ಎಂಆರ್ ಅಂತ. ಅದರಲ್ಲಿ ಪಟ್ಟಿಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿರ್ತಾರೆ. ನಡುವಿನ ಒಂದು ಹೆಂಚು ಬದಲಿಸಬೇಕು ಅಂದರೆ ಪಕ್ಕದ ನಾಲ್ಕು ತೆಗೀಬೇಕು. ಹತ್ತು ಡೌನ್‌ಲೋಡ್ ಒಟ್ಟಿಗೆ ಬಿಟ್ಟರೆ ಡಿಸ್ಕ್ ತೇಕಲಿಕ್ಕೆ ಹತ್ತುತ್ತದೆ.

ಇಲ್ಲ ಅಂದರೆ ಯುಎಸ್‌ಬಿ ಡಿಸ್ಕಿಗೆ ಇಳಿಸ್ತಿದ್ದೀರೇನು? ಅದರಲ್ಲಿ ಫ್ಯಾಟ್ 32 ಅನ್ನೋ ಹಳೆ ಫಾರ್ಮ್ಯಾಟ್ ಇದ್ದರೆ 4 ಜಿಬಿ ದಾಟಿದ ಫೈಲ್ ಹಿಡಿಸಲ್ಲ. ಆಗಲೂ ಕೊನೆಗೇ ಕೈಕೊಡ್ತದೆ.

ಅಡಿಕೆತೋಟ | ಸೋಮವಾರ ಸಂಜೆ 6:15

ಶಾಲೆ ಮುಗಿಸಿ ಬಂದು ಪಟ್ಟಿ ಮಾಡಿದೆ. ಮಾಮ ಹೇಳಿದ ಹಾಗೆ ಪುಸ್ತಕದಲ್ಲಿ ಗೆರೆ ಎಳೆದು.

ಐಎಸ್‌ಒ ಬಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಕಿವಿಕ್ಸ್ ಫೈಲೂ ಬಂದಿದೆ. ವಿಶ್ವಕೋಶದ ದಪ್ಪ ದಪ್ಪ ಪಿಡಿಎಫ್‌ಗಳೂ ಬಂದಿವೆ. ಎರರ್ ಬಂದ 41 ಎಲ್ಲವೂ ತಾಳಮದ್ದಳೆ. ಒಂದೊಂದು 30, 40 ಎಂಬಿ ಅಷ್ಟೇ. ಆದರೆ ತಾಳಮದ್ದಳೆಯ ಎಲ್ಲವೂ ಕೈಕೊಟ್ಟಿಲ್ಲ, ಅರ್ಧದಷ್ಟು ಬಂದಿವೆ. ಯುಎಸ್‌ಬಿ ಅಲ್ಲ, ಒಳಗಿನ ಡಿಸ್ಕಿಗೇ. ಜಾಗ ಒಂದೂವರೆ ಟಿಬಿ ಖಾಲಿ ಇದೆ.

ಅದೇ ಫೈಲನ್ನು ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಇಳಿಸಿದರೆ ಸಲೀಸಾಗಿ ಇಳಿಯುತ್ತೆ. ಹಾಡುತ್ತೆ ಕೂಡ. ಹಾಗಾಗಿ ಆರ್ಕೈವ್ ಕಡೆ ತೊಂದರೆ ಇಲ್ಲ ಅಂತ ಕಾಣ್ತದೆ.

ಪೈಅಕ್ಕ | ಸೋಮವಾರ ಸಂಜೆ 7:02

(ಹೆಸರು ನೋಡಿ ಯಾರೂ ಕಾರ್ಕಳದ ಪೈ ಮನೆಯವಳು ಅಂದುಕೊಳ್ಳಬೇಡಿ. ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರ್ ಇಟ್ಕೊಂಡವಳು ಅಷ್ಟೇ.)

ಪರ್ಮಿಷನ್ ನೋಡಿದ್ರಾ ಸರ್? ಇಳಿಸೋದು ಒಬ್ಬ ಯೂಸರ್, ಫೋಲ್ಡರಿನ ಯಜಮಾನ ಇನ್ನೊಬ್ಬ ಆದರೆ ಕೊನೇ ಗಳಿಗೇಲಿ ಹೀಗೇ ಆಗುತ್ತೆ. ಫೈಲ್ ಮೊದಲು ಒಂದು ತಾತ್ಕಾಲಿಕ ಜಾಗಕ್ಕೆ ಇಳಿಯುತ್ತೆ. ಪೂರ್ತಿ ಆದಮೇಲೆ ನೀವು ಹೇಳಿದ ಫೋಲ್ಡರಿಗೆ ಹೋಗುತ್ತೆ. ನೂರು ಪರ್ಸೆಂಟ್ ಆಗಿ ಎರರ್ ಅಂದ್ರೆ ಇಳಿಯೋದು ಸರಿಯಾಗಿದೆ, ಒಳಗೆ ಕಳಿಸೋ ಹೊತ್ತಿಗೆ ಯಾರೋ ಬಾಗಿಲಲ್ಲಿ ತಡೀತಿದ್ದಾರೆ ಅಂತ.

ನನ್ನದೂ ಒಂದು ಕಥೆ ಇದೆ, ಬೇಡ ಅಂದರೂ ಹೇಳ್ತೀನಿ. ಪೈಗೆ ಒಂದು ಯುಎಸ್‌ಬಿ ಡಿಸ್ಕ್ ಹಾಕಿ ಟ್ರಾನ್ಸ್‌ಮಿಷನ್ ಅನ್ನೋ ಟೊರೆಂಟ್ ಸಾಫ್ಟ್‌ವೇರ್ ಓಡಿಸ್ತಿದ್ದೆ. ಒಂದು ದಿನ ನಮ್ಮನೆ ಪುಟ್ಟ ಡಿಸ್ಕಿನ ವೈರ್ ಎಳೆದು ಬಿಟ್ಟಿದ್ದಾನೆ. ಪೈಗೆ ಏನು ಗೊತ್ತು ಪಾಪ. ಡಿಸ್ಕ್ ಕೂರಬೇಕಾದ ಫೋಲ್ಡರ್ ಖಾಲಿಯಾಗಿ ಹಾಗೇ ಇತ್ತಲ್ಲ, ಅದರೊಳಗೇ ಇಳಿಸ್ತಾ ಹೋಯ್ತು. ಅಂದ್ರೆ 32 ಜಿಬಿಯ ಎಸ್‌ಡಿ ಕಾರ್ಡಿಗೇ! ಬೆಳಗ್ಗೆ ನೋಡಿದರೆ ಕಾರ್ಡ್ ಭರ್ತಿ, ಲಾಗಿನ್ ಕೂಡ ಆಗ್ತಿಲ್ಲ. ಆಮೇಲೆ ಡಿಸ್ಕ್ ಸಿಕ್ಕಿಸಿ ನೋಡಿದರೆ ಫೈಲುಗಳೇ ಕಾಣಲ್ಲ, ಯಾಕೆಂದ್ರೆ ಡಿಸ್ಕ್ ಅವುಗಳ ಮೇಲೆ ಕೂತುಬಿಟ್ಟಿದೆ. ಅರ್ಧ ದಿನ ತಲೆ ಕೆರ್ಕೊಂಡೆ. ಈಗ ಡಿಸ್ಕ್ ಮೌಂಟ್ ಆಗಿದ್ದರೆ, ಅಂದ್ರೆ ತನ್ನ ಫೋಲ್ಡರಿಗೆ ಜೋಡಣೆ ಆಗಿದ್ದರೆ ಮಾತ್ರ ಟ್ರಾನ್ಸ್‌ಮಿಷನ್ ಶುರುವಾಗೋ ಹಾಗೆ, ಪ್ರೋಗ್ರಾಂಗಳನ್ನ ಶುರು ಮಾಡಿಸೋ ಸಿಸ್ಟಮ್‌ಡಿಗೆ ಹೇಳಿಟ್ಟಿದ್ದೀನಿ. ಸಾಲದು ಅಂತ ಆ ಖಾಲಿ ಫೋಲ್ಡರಿಗೆ ಯಾರೂ ಬರೆಯದ ಹಾಗೆ ಬೀಗ ಹಾಕಿದ್ದೀನಿ.

ಅಡಿಕೆತೋಟ | ಸೋಮವಾರ ರಾತ್ರಿ 8:30

ಅಕ್ಕಾ, ಪರ್ಮಿಷನ್ ಸರಿ ಇದೆ. ಇಳಿಸೋ ಯೂಸರೂ ನಾನೇ, ಯಜಮಾನನೂ ನಾನೇ. ಅದೇ ಫೋಲ್ಡರಿಗೆ 77 ಬಂದಿದೆಯಲ್ಲ. ಬಾಗಿಲಲ್ಲಿ ತಡೆಯೋರು ಇದ್ದರೆ ಎಲ್ಲರನ್ನೂ ತಡೀಬೇಕಿತ್ತು.

ಆದರೆ ಬಾಗಿಲು ಅಂದಾಗ ನೆನಪಾಯ್ತು. ಹೋದ ವಾರ ರಾತ್ರಿ ಕರೆಂಟ್ ಹೋಗಿ ಬಂತು, ಆವತ್ತು ಒಂದೂ ಬಿಡದೆ ಎಲ್ಲವೂ ಎರರ್. ಭಾವನಿಗೆ ಮೆಸೇಜ್ ಮಾಡಿದಾಗ "ಫೋಲ್ಡರ್ ಲಾಕ್ ಆಗಿರುತ್ತೆ, ಮೌಂಟ್ ಮಾಡಿ ಪಾಸ್‌ವರ್ಡ್ ಹಾಕು" ಅಂದಿದ್ದ. ಹಾಕಿದೆ, ಸರಿಯಾಯ್ತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇನ್ನೊಂದು ಗಮನಿಸಿದೆ. ಇಂಗ್ಲಿಷ್ ಹೆಸರಿನ ಒಂದು ಫೈಲೂ ಕೈಕೊಟ್ಟಿಲ್ಲ. ಎರರ್ ಬಂದಿದ್ದೆಲ್ಲ ಕನ್ನಡ ಹೆಸರಿನವು. ಹಾಗಂತ ಕನ್ನಡ ಹೆಸರಿನ ಎಲ್ಲವೂ ಅಲ್ಲ. ನ್ಯಾಸ್‌ಗೆ ಕನ್ನಡ ಅರ್ಧಂಬರ್ಧ ಬರುತ್ತಾ?

ಮಲ್ಲೇಶ್ವರಮಾಮ | ಸೋಮವಾರ ರಾತ್ರಿ 8:41

ಆಹಾ! ಇದನ್ನ ನಿನ್ನೆನೇ ಹೇಳಬಾರದಿತ್ತಾ ಮೇಷ್ಟ್ರೇ.

ಎರಡು ಕೆಲಸ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಶೇರ್ಡ್ ಫೋಲ್ಡರ್ ಪಟ್ಟಿಯಲ್ಲಿ ನಿಮ್ಮ ಫೋಲ್ಡರ್ ಮುಂದೆ ಬೀಗದ ಚಿತ್ರ ಇದೆಯಾ ನೋಡಿ. ಆಮೇಲೆ ಎರರ್ ಬಂದ ಒಂದು ಫೈಲಿನ ಹೆಸರು ಇಲ್ಲಿ ಹಾಗೇ ಹಾಕಿ. ಒಂದಕ್ಷರ ಬಿಡಬೇಡಿ.

ಅಡಿಕೆತೋಟ | ಸೋಮವಾರ ರಾತ್ರಿ 8:55

ಬೀಗ ಇದೆ ಮಾಮ.

ಹೆಸರು ಇದು, ಕೊನೆಗೆ ಡಾಟ್ ಎಂಪಿ3:

ಕೃಷ್ಣ ಸಂಧಾನ ತಾಳಮದ್ದಳೆ ದೇವಸ್ಥಾನದ ಪೌಳಿ ಕಾರ್ತಿಕ ದೀಪೋತ್ಸವ ಮೊದಲ ಭಾಗ

ಕೂಟದವರು ಎಲ್ಲದಕ್ಕೂ ಹೀಗೇ ಪೂರ್ತಿ ವಿವರ ಬರೆದಿದ್ದಾರೆ. ಕೆಲವದರಲ್ಲಿ ಭಾಗವತರು, ಮದ್ದಳೆಗಾರರು, ಅರ್ಥಧಾರಿಗಳು ಎಲ್ಲರ ಹೆಸರೂ ಇದೆ. ಇದು ಅದರಲ್ಲಿ ಚಿಕ್ಕದು.

ಮಲ್ಲೇಶ್ವರಮಾಮ | ಸೋಮವಾರ ರಾತ್ರಿ 9:30

ಸಿಕ್ಕಿತು. ಹೆಸರು ಉದ್ದ ಜಾಸ್ತಿ, ಅಷ್ಟೇ.

ನಗಬೇಡಿ, ಲೆಕ್ಕ ನೋಡಿ. ಕಣ್ಣಿಗೆ ಕಾಣೋದು 29 ಅಕ್ಷರ. ಉದ್ದ ಅಂತ ಅನಿಸೋದೇ ಇಲ್ಲ. ಆದರೆ ಕಂಪ್ಯೂಟರ್ ನಮ್ಮ ಹಾಗೆ ಎಣಿಸಲ್ಲ. ಅದಕ್ಕೆ "ಸ್ಥಾ" ಅನ್ನೋದು ಒಂದಕ್ಷರ ಅಲ್ಲ, ನಾಲ್ಕು: ಸ, ಹಲಂತ, ಥ, ಆಮೇಲೆ ದೀರ್ಘ. "ರ್ತಿ"ಯೂ ನಾಲ್ಕು. ಹೀಗೆ ಬಿಡಿಸಿ ಎಣಿಸಿದರೆ ನಿಮ್ಮ ಹೆಸರಲ್ಲಿ ಯೂನಿಕೋಡ್ ಲೆಕ್ಕಕ್ಕೆ 54 ಇವೆ. ಅಕ್ಷರ ಉಳಿಸೋ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್. ಅಲ್ಲಿಗೆ 162. ನಡುವೆ 8 ಖಾಲಿ ಜಾಗ, ಕೊನೆಗೆ ಡಾಟ್ ಎಂಪಿ3ಗೆ 4. ಒಟ್ಟು 174 ಬೈಟ್. ಇಂಗ್ಲಿಷಲ್ಲಿ 29 ಅಕ್ಷರ ಅಂದ್ರೆ 29 ಬೈಟಿಗೇ ಮುಗೀತಿತ್ತು.

ನ್ಯಾಸ್ ಒಳಗೆ ಓಡೋದು ಲಿನಕ್ಸ್. ಅದರಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. 174 ಅದರೊಳಗೇ ಇದೆ, ಮಾಮೂಲಿ ಫೋಲ್ಡರ್ ಆಗಿದ್ದರೆ ಸುಮ್ನೆ ಹೋಗ್ತಿತ್ತು. ಆದರೆ ನಿಮ್ಮದು ಬೀಗದ ಫೋಲ್ಡರ್. ಸಿನಾಲಜಿಯ ಎನ್‌ಕ್ರಿಪ್ಟೆಡ್ ಶೇರ್ಡ್ ಫೋಲ್ಡರ್ ಒಳಗೆ ಇರೋದು ಇಕ್ರಿಪ್ಟ್‌ಎಫ್‌ಎಸ್ ಅನ್ನೋ ಗುಪ್ತಲಿಪಿ ವ್ಯವಸ್ಥೆ. ಅದು ಫೈಲಿನ ಒಳಗಿರೋದನ್ನ ಮಾತ್ರ ಅಲ್ಲ, ಹೆಸರನ್ನೂ ಗುಪ್ತಲಿಪಿ ಮಾಡುತ್ತೆ. ಹಾಗೆ ಮಾಡಿದಾಗ ಹೆಸರು ಉಬ್ಬುತ್ತೆ. ಉಬ್ಬಿದ ಹೆಸರು 255ರ ಒಳಗೆ ಇರಬೇಕಾದರೆ ಮೂಲ ಹೆಸರು 143 ಬೈಟ್ ದಾಟಬಾರದು. ಅಂದರೆ ಕನ್ನಡದಲ್ಲಿ 47. ಕಾಗುಣಿತ, ಒತ್ತು ಎಲ್ಲ ಸೇರಿ 47!

ತಾತ್ಕಾಲಿಕ ಜಾಗಕ್ಕೆ ಬೀಗ ಇಲ್ಲ, ಅದಕ್ಕೇ ನೂರು ಪರ್ಸೆಂಟ್ ತನಕ ಹೋಗುತ್ತೆ. ಬೀಗದ ಫೋಲ್ಡರಿಗೆ ಕಾಲಿಡುವಾಗ ತಲೆ ಬಾಗಿಲಿಗೆ ಹೊಡೆಯುತ್ತೆ. ಪೈಅಕ್ಕ ಹೇಳಿದ್ದು ಸರಿಯಾಗೇ ಇತ್ತು, ತಡೆದವರು ಮಾತ್ರ ಬೇರೆ.

ನಿಮ್ಮ ವಿಂಡೋಸಲ್ಲಿ ಯಾಕೆ ಇಳೀತು ಅಂದರೆ, ಅಲ್ಲಿಯ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಬೈಟ್ ಎಣಿಸಲ್ಲ, ಯುಟಿಎಫ್ 16 ತುಣುಕು ಎಣಿಸುತ್ತೆ. ಅಲ್ಲಿ ಮಿತಿ 255 ತುಣುಕು. ನಿಮ್ಮದು ಬರೀ 66. ಪರೀಕ್ಷೆ ಮಾಡಬೇಕಾ? ಲ್ಯಾಪ್‌ಟಾಪಲ್ಲಿ ಇಳಿದ ಅದೇ ಫೈಲನ್ನ ಆ ಬೀಗದ ಫೋಲ್ಡರಿಗೆ ಕಾಪಿ ಮಾಡಿ ನೋಡಿ. ಆಗಲ್ಲ.

ಕಾಗುಣಿತಪ್ರಿಯ | ಸೋಮವಾರ ರಾತ್ರಿ 10:12

ಮಾಮ ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಮ್ಯಾಕ್ ಇರುವವರಿಗೆ ಇನ್ನೂ ತಮಾಷೆ ಇದೆ. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡಲ್ಲಿ ಎರಡು ರೀತಿ ಬರೆಯಬಹುದು. "ಪೋ"ದಲ್ಲಿರುವ ಓತ್ವ ಒಂದೇ ಚಿಹ್ನೆಯಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ದೀ, ದೇ, ಮೊ ಇವುಗಳ ಚಿಹ್ನೆಗಳು ಎರಡೆರಡು ತುಂಡು. ಹಳೆ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಎಲ್ಲವನ್ನೂ ತುಂಡು ಮಾಡಿಯೇ ಇಡುತ್ತಿತ್ತು. ಮಾಸ್ತರರ ಈ ಹೆಸರಲ್ಲಿ ದೇ, ದೀ, ಪೋ, ಮೊ ಇವೆ. ತುಂಡು ಮಾಡಿದರೆ ಐದು ಜಾಸ್ತಿ, ಅಂದರೆ 15 ಬೈಟ್. 174 ಇದ್ದದ್ದು 189 ಆಯ್ತು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಇದರಿಂದ ಇನ್ನೊಂದು ಪಜೀತಿ. ಒಂದೇ ಹೆಸರಿನ ಎರಡು ಫೈಲ್ ಒಂದೇ ಫೋಲ್ಡರಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಲಿನಕ್ಸಿಗೆ ಅವು ಬೇರೆ ಬೇರೆ, ನಮಗೆ ಕಣ್ಣು ಕೆಟ್ಟಿತಾ ಅನಿಸುತ್ತೆ. ನನ್ನ ಹತ್ತಿರ ಒಂದು ವಚನದ ಫೈಲ್ ಹೀಗೆ ಎರಡು ವರ್ಷ ಜೋಡಿಯಾಗಿ ಇತ್ತು. ಒಂದನ್ನು ಅಳಿಸಲು ಧೈರ್ಯವೇ ಬರಲಿಲ್ಲ.

ಹುಬ್ಬಳ್ಳಿಮಂದಿ | ಸೋಮವಾರ ರಾತ್ರಿ 10:20

ಗಣಿತದ ಮಾಸ್ತರಿಗೆ ಕನ್ನಡ ಮಾಸ್ತರ ಬಂದು ಲೆಕ್ಕ ಹೇಳಿಕೊಡೋ ಹಾಗಾಯ್ತಲ್ಲ ಸರ್.

ಅಡಿಕೆತೋಟ | ಮಂಗಳವಾರ ಬೆಳಗ್ಗೆ 6:50

ಹೌದು, ಶಾಲೇಲಿ ಹೇಳಬೇಡಿ ಮಾತ್ರ.

ಮಾಮ, ಕಾಪಿ ಮಾಡಿ ನೋಡಿದೆ, ಆಗಲಿಲ್ಲ. ಹೆಸರು "ಕೃಷ್ಣ ಸಂಧಾನ ಭಾಗ 1" ಅಂತ ಮಾಡಿ ಕಾಪಿ ಮಾಡಿದೆ, ತಕ್ಷಣ ಹೋಯ್ತು. 41ರ ಹೆಸರೂ ಎಣಿಸಿದೆ. ಎಲ್ಲವೂ 143 ದಾಟಿದ್ದೇ. ಬಂದಿದ್ದರಲ್ಲಿ ಒಂದು ಸರಿಯಾಗಿ 141. ರಾತ್ರಿ ಹನ್ನೊಂದೂವರೆ ತನಕ ಕೂತು ಎಣಿಸಿದ್ದಕ್ಕೆ ನಮ್ಮನೆಯವಳು "ನ್ಯಾಸ್ ತಂದದ್ದು ನಿದ್ದೆ ಮಾಡೋಕಾ, ನಿದ್ದೆ ಕೆಡೋಕಾ" ಅಂದಳು.

ಈಗ ಏನು ಮಾಡಲಿ? ಬೀಗ ತೆಗೆದುಬಿಡಲಾ? ಭಾವ ಮನೆಯ ಕಾಗದಪತ್ರ, ಪಹಣಿ, ಬ್ಯಾಂಕಿನದೆಲ್ಲ ಅಲ್ಲೇ ಇಡು ಅಂದಿದ್ದ. ಇಟ್ಟಿದ್ದೇನೆ.

ಮಲ್ಲೇಶ್ವರಮಾಮ | ಮಂಗಳವಾರ ಬೆಳಗ್ಗೆ 8:05

ಬೀಗ ಇರಲಿ. ಪಹಣಿಗೆ ಬೀಗ ಬೇಕು, ತಾಳಮದ್ದಳೆಗೆ ಯಾಕೆ? ಊರೆಲ್ಲ ಕೇಳಲಿ ಅಂತ ಆರ್ಕೈವಲ್ಲೇ ಇಟ್ಟಿರೋದು.

ಬೀಗ ಇಲ್ಲದ ಹೊಸ ಶೇರ್ಡ್ ಫೋಲ್ಡರ್ ಒಂದು ಮಾಡಿ. ಅದಕ್ಕೆ ಏನಾದರೂ ಚಿಕ್ಕ ಇಂಗ್ಲಿಷ್ ಹೆಸರಿಡಿ. ಡೌನ್‌ಲೋಡ್ ಸ್ಟೇಷನ್‌ನ ಸೆಟ್ಟಿಂಗಲ್ಲಿ ಲೊಕೇಶನ್ ಅಂತ ಇದೆ, ಅಲ್ಲಿ ಡೆಸ್ಟಿನೇಶನ್ ಬದಲಿಸಿ. ಗಮನ ಇರಲಿ, ಈ ಜಾಗ ಒಬ್ಬೊಬ್ಬ ಯೂಸರಿಗೆ ಬೇರೆ ಬೇರೆ. ನಿಮ್ಮ ಮಗಳೂ ಲಾಗಿನ್ ಆಗಿ ಇಳಿಸ್ತಾಳೆ ಅಂದ್ರೆ ಅವಳ ಲೆಕ್ಕದಲ್ಲೂ ಬದಲಿಸಬೇಕು. ಇದರಿಂದ ಇನ್ನೊಂದು ಲಾಭ ಇದೆ. ಕರೆಂಟ್ ಹೋಗಿ ಬಂದಾಗ ಬೀಗದ ಫೋಲ್ಡರ್ ತಾನಾಗೇ ತೆರೆಯಲ್ಲ. ಕೀಲಿಯನ್ನ ಅದರಲ್ಲೇ ಉಳಿಸಿ ತಾನಾಗೇ ತೆರೆಯೋ ಹಾಗೂ ಮಾಡಬಹುದು. ಆದರೆ ಅದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನ ಹೊಸ್ತಿಲ ಮೇಲಿಟ್ಟ ಹಾಗೆ. ಡೌನ್‌ಲೋಡ್ ಬೇರೆ ಕಡೆ ಇದ್ದರೆ ಆ ರಗಳೆಯೇ ಇಲ್ಲ, ಕರೆಂಟ್ ಬಂದ ಕೂಡಲೇ ತನ್ನ ಪಾಡಿಗೆ ಮುಂದುವರಿಯುತ್ತೆ.

ಸಿನಾಲಜಿಯ ಸಾಫ್ಟ್‌ವೇರ್ ಡಿಎಸ್‌ಎಂ 7.2ರಿಂದ ಇಡೀ ವಾಲ್ಯೂಮನ್ನೇ (ಫೋಲ್ಡರ್‌ಗಳೆಲ್ಲ ಕೂರೋ ಡಿಸ್ಕ್ ಜಾಗ) ಎನ್‌ಕ್ರಿಪ್ಟ್ ಮಾಡೋ ದಾರಿ ಬಂದಿದೆ, ಅದರಲ್ಲಿ ಈ 143ರ ಕಾಟ ಇಲ್ಲ. ಆದರೆ ವಾಲ್ಯೂಮ್ ಮಾಡುವಾಗಲೇ ಆರಿಸಬೇಕು, ಆಮೇಲೆ ಸೇರಿಸೋಕೆ ಆಗಲ್ಲ. ಈಗ ಇರೋದನ್ನ ಕೆಡವಿ ಕಟ್ಟೋ ಕೆಲಸ ಬೇಡ.

ಹುಬ್ಬಳ್ಳಿಮಂದಿ | ಮಂಗಳವಾರ ಮಧ್ಯಾಹ್ನ 1:15

ಮಾಸ್ತರೇ, ಅದೇ ಲೊಕೇಶನ್ ಪುಟದಾಗ ಒಂದು ವಾಚ್ಡ್ ಫೋಲ್ಡರ್ ಅಂತ ಅದೆ ನೋಡಿರಿ. ಒಂದು ಫೋಲ್ಡರ್ ತೋರಿಸಿಬಿಟ್ಟರೆ, ಅದರಾಗ ಟೊರೆಂಟ್ ಫೈಲ್ ಹಾಕಿದ ಕೂಡಲೇ ನ್ಯಾಸ್ ತಾನೇ ಎತ್ತಿಕೊಂಡು ಶುರು ಮಾಡ್ತದೆ. ಆರ್ಕೈವಿನಲ್ಲಿ ಹೆಚ್ಚಿನವಕ್ಕೆ ಟೊರೆಂಟ್ ಇರ್ತದೆ, ಅದರಲ್ಲಿ ಆರ್ಕೈವ್ ಸರ್ವರೇ ಸೀಡ್ ಕೊಡ್ತದೆ, ಅಂದರೆ ಫೈಲ್ ಹಂಚ್ತದೆ. ಹಾಗಾಗಿ ಬೇರೆ ಯಾರೂ ಇಲ್ಲದಿದ್ದರೂ ಬರ್ತದೆ. 118 ಲಿಂಕ್ ಒಂದೊಂದಾಗಿ ಅಂಟಿಸೋ ಬದಲು ಇದು ಆರಾಮ.

ರಾತ್ರಿಗೆ ಮಾತ್ರ ಅಂದರೆ ಶೆಡ್ಯೂಲ್ ಹಾಕಿರಿ. ವಾರದ ಏಳು ದಿನ, ದಿನದ 24 ತಾಸು, ಚೌಕಳಿ ಕಾಗದದ ಹಾಗೆ ಬರ್ತದೆ. ರಾತ್ರಿ 12ರಿಂದ 6 ಬಣ್ಣ ತುಂಬಿ, ಉಳಿದದ್ದು ಖಾಲಿ ಬಿಡಿ. ನಾನು ಹಗಲು ಪೂರ್ತಿ ಬಂದ್ ಮಾಡಿಲ್ಲ, ಕಡಿಮೆ ಸ್ಪೀಡಿನಲ್ಲಿ ಬಿಟ್ಟಿದ್ದೇನೆ. ಮನೆಯವರಿಗೆ ಗೊತ್ತೇ ಆಗಲ್ಲ.

ಕರೆಂಟ್ ಬಿಲ್ಲಿನ ಚಿಂತೆ ಇದ್ದರೆ, ಎರಡು ಡಿಸ್ಕಿನದು 15 ವ್ಯಾಟ್ ಅಂತ ಹಿಡಿಯಿರಿ. ದಿನಕ್ಕೆ 0.36 ಯೂನಿಟ್, ತಿಂಗಳಿಗೆ 11 ಯೂನಿಟ್ ಹತ್ತಿರ. ನಮ್ಮ ತಮ್ಮ ಗೃಹಜ್ಯೋತಿ ಲೆಕ್ಕ ತೆಗೆದು ಕೂತಿದ್ದ. ಹಳೆ ಸರಾಸರಿಯ ಮೇಲೆ 10 ಪರ್ಸೆಂಟ್ ತಾನೇ ಬಿಡೋದು, ನಿನ್ನ ಈ ಡಬ್ಬಿಯಿಂದ ಅದು ದಾಟಿದರೆ ಯಾರು ಕೊಡ್ತಾರೆ ಅಂತ. ಹಳೆ ಬಲ್ಬ್ ನಾಲ್ಕು ಬದಲಿಸಿ ಬಾಯಿ ಮುಚ್ಚಿಸಿದೆ.

ಕರಾವಳಿಕೇಬಲ್ | ಮಂಗಳವಾರ ಸಂಜೆ 5:48

ಪೋರ್ಟ್ ವಿಷಯ ತಪ್ಪು ಹೇಳಿದ್ದಕ್ಕೆ ಬೇಜಾರಿಲ್ಲ, ಕಲಿತೆ. ಆದರೆ ಒಂದು ನನಗೆ ಚೆನ್ನಾಗಿ ಗೊತ್ತು, ಸಿಡಿಲು.

ಮಾಸ್ತರೇ, ನಿಮ್ಮಲ್ಲೂ ಏಪ್ರಿಲ್ ಮೇ ಸಂಜೆ ಗುಡುಗು ಸಿಡಿಲು ಜಾಸ್ತಿ ಅಲ್ವಾ. ಫೈಬರ್ ಹಾಕಿದ್ದೇವೆ, ಇನ್ನು ಸಿಡಿಲು ಒಳಗೆ ಬರಲ್ಲ ಅಂತ ನಾನೂ ಅಂದುಕೊಂಡಿದ್ದೆ. ಗಾಜಿನ ಎಳೆಯಲ್ಲಿ ಬರಲ್ಲ, ಸರಿ. ಆದರೆ ಕಂಬದಿಂದ ಮನೆಗೆ ಎಳೆಯೋ ಆ ಕರಿ ಕೇಬಲ್ ಜೊತೆ ಬಲಕ್ಕೆ ಅಂತ ಸ್ಟೀಲ್ ತಂತಿ ಇರುತ್ತೆ. ಅದಲ್ಲದೆ ಕರೆಂಟಿನ ದಾರಿ ಇದ್ದೇ ಇದೆ. ನನ್ನ ರೂಟರಿನ ಅಡಾಪ್ಟರಿಗೆ ಹೊಡೆದು, ಅಲ್ಲಿಂದ ಲ್ಯಾನ್ ವೈರ್ ಹಿಡಿದು ನ್ಯಾಸಿನ ನೆಟ್‌ವರ್ಕ್ ಪೋರ್ಟ್ ಹೋಯ್ತು. ಪುಣ್ಯಕ್ಕೆ ಡಿಸ್ಕ್ ಉಳೀತು. ಗುಡುಗು ಕೇಳಿದ ಕೂಡಲೇ ನ್ಯಾಸ್ ಶಟ್‌ಡೌನ್ ಮಾಡಿ ಪ್ಲಗ್ ತೆಗೀರಿ, ಲ್ಯಾನ್ ವೈರೂ ತೆಗೀರಿ. ಬರೀ ಪ್ಲಗ್ ತೆಗೆದರೆ ಸಾಲದು.

ಇನ್ವರ್ಟರ್ ಇದ್ದರೆ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ, ಅದಕ್ಕೆ ಹಾಕಿ. ಮಾಮೂಲಿ ಮೋಡಲ್ಲಿ ಕರೆಂಟ್ ಬದಲಾಗುವಾಗ ಫ್ಯಾನಿಗೆ ಗೊತ್ತಾಗಲ್ಲ, ನ್ಯಾಸ್ ರೀಸ್ಟಾರ್ಟ್ ಆಗಿಬಿಡಬಹುದು. ರೂಟರ್ ಮತ್ತೆ ಫೈಬರ್ ಬಾಕ್ಸನ್ನೂ ಅದೇ ಲೈನಿಗೆ ಹಾಕಿ.

ಎಡಿಸನ್‌ಕನ್ನಡಿಗ | ಬುಧವಾರ ಬೆಳಗ್ಗೆ 7:30

ನ್ಯೂಜೆರ್ಸಿಯಿಂದ ಒಂದು ಮಾತು. ಮಾಸ್ತರೇ, ಶಾಲೆಯಿಂದಲೇ ಡೌನ್‌ಲೋಡ್ ಹಾಕೋಣ ಅಂತ ಮುಂದೆ ನಿಮಗೆ ಆಸೆ ಬರುತ್ತೆ. ಬಂದಾಗ ದಯವಿಟ್ಟು ನ್ಯಾಸ್‌ನ ಲಾಗಿನ್ ಪುಟದ 5000, 5001 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಬೇಡಿ. 2014ರಲ್ಲಿ ಸಿನೊಲಾಕರ್ ಅಂತ ಒಂದು ಬಂದು, ಹಳೆ ಸಾಫ್ಟ್‌ವೇರ್ ಇದ್ದ ಸಿನಾಲಜಿಗಳಿಗೆ ನುಗ್ಗಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು. 2021ರಲ್ಲಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ಕ್ಯೂಲಾಕರ್, ಮರು ವರ್ಷ ಡೆಡ್‌ಬೋಲ್ಟ್. ಕ್ಯೂಲಾಕರ್ ಅಂತೂ ಬೇರೆ ಏನೂ ಮಾಡಲಿಲ್ಲ, ಮಾಮೂಲಿ ಸೆವೆನ್‌ಝಿಪ್ಪಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿಟ್ಟಿತು.

ನಾನು ಟೇಲ್‌ಸ್ಕೇಲ್ ಅನ್ನೋ ವಿಪಿಎನ್ (ಖಾಸಗಿ ನೆಟ್‌ವರ್ಕ್) ಬಳಸ್ತೇನೆ. ಇಲ್ಲಿಂದಲೇ ತುಮಕೂರಿನ ಅಪ್ಪನ ಮನೆ ನ್ಯಾಸ್ ನೋಡಿಕೊಳ್ತೇನೆ. ಒಳಗಿನಿಂದ ಹೊರಗೆ ದಾರಿ ಮಾಡಿಕೊಳ್ಳೋದರಿಂದ ಸಿಜಿ ನ್ಯಾಟ್ ಇದ್ದರೂ ನಡೆಯುತ್ತೆ, ರೂಟರ್ ಮುಟ್ಟೋದೇ ಬೇಡ.

ಬೆಣ್ಣೆದೋಸೆ | ಬುಧವಾರ ಬೆಳಗ್ಗೆ 11:10

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಸಿನಾಲಜಿ ಅಲ್ಲ, ಹಳೆ ಪಿಸಿಗೆ ಓಪನ್‌ಮೀಡಿಯಾವಾಲ್ಟ್ ಅನ್ನೋ ನ್ಯಾಸ್ ಸಾಫ್ಟ್‌ವೇರ್ ಹಾಕಿ, ಡಾಕರಲ್ಲಿ (ಪ್ರೋಗ್ರಾಂನ ಕಂಟೇನರ್ ಅನ್ನೋ ಬೇರೆ ಡಬ್ಬಿಯೊಳಗೆ ಓಡಿಸೋದು) ಕ್ಯೂಬಿಟ್‌ಟೊರೆಂಟ್ ಅನ್ನೋ ಟೊರೆಂಟ್ ಸಾಫ್ಟ್‌ವೇರ್ ಓಡಿಸ್ತಿದ್ದೀನಿ. ಎರಡು ಪ್ರಶ್ನೆ. ಎಲ್ಲ ಕಡೆ ಅಡ್ಮಿನ್, ಅಡ್ಮಿನ್‌ಅಡ್ಮಿನ್ ಹಾಕು ಅಂತ ಇದೆ, ಒಳಗೆ ಬಿಡ್ತಿಲ್ಲ. ಒಬ್ಬ ಗೆಳೆಯನ ಪಾಸ್‌ವರ್ಡ್ ಹಾಕಿ ಹೇಗೋ ಒಳಗೆ ಹೋದ್ರೆ ಡೌನ್‌ಲೋಡ್ ಮುಗಿದಿದೆ ಅನ್ನುತ್ತೆ, ಡಿಸ್ಕಲ್ಲಿ ಫೈಲ್ ಇಲ್ಲ!

ಪೈಅಕ್ಕ | ಬುಧವಾರ ಮಧ್ಯಾಹ್ನ 12:40

ಗೆಳೆಯನ ಪಾಸ್‌ವರ್ಡ್ ಅಂದ್ರೆ ಗೆಳೆಯನ ಮಶೀನಿಗೇ ಹೋಗಿರ್ತೀರಿ, ನೋಡ್ಕೊಳ್ಳಿ 😄

ತಮಾಷೆ ಬಿಡಿ. ಆ ಹಳೆ ಪಾಸ್‌ವರ್ಡ್ ಕ್ಯೂಬಿಟ್‌ಟೊರೆಂಟ್ 4.6.1ರಿಂದ ಹೋಯ್ತು. ಈಗ ಮೊದಲ ಸಲ ಶುರುವಾದಾಗ ಒಂದು ತಾತ್ಕಾಲಿಕ ಪಾಸ್‌ವರ್ಡನ್ನ ಲಾಗಲ್ಲಿ ಬರೆಯುತ್ತೆ. ಕಂಟೇನರಿನ ಲಾಗ್ ತೆಗೆದು ನೋಡಿ, ಒಳಗೆ ಹೋಗಿ ತಕ್ಷಣ ಬದಲಿಸಿ. ಇಲ್ಲಾಂದ್ರೆ ಪ್ರತಿ ಸಲ ಹೊಸದು.

ಎರಡನೇದು ನನ್ನ ಎಸ್‌ಡಿ ಕಾರ್ಡ್ ಕಥೆಯ ತಮ್ಮ. ಕಂಟೇನರಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ. ನಿಮ್ಮ ಡಿಸ್ಕಿನ ಫೋಲ್ಡರನ್ನ ಅದರೊಳಗೆ "ಡೌನ್‌ಲೋಡ್ಸ್" ಅಂತ ಜೋಡಿಸಿದ್ದರೆ, ಕ್ಯೂಬಿಟ್‌ಟೊರೆಂಟಿನ ಸೆಟ್ಟಿಂಗಲ್ಲೂ ಅದೇ ಒಳಗಿನ ಹೆಸರನ್ನೇ ಕೊಡಬೇಕು. ನೀವು ಅಲ್ಲಿ ಡಿಸ್ಕಿನ ಹೊರಗಿನ ಉದ್ದದ ದಾರಿ ಬರೆದಿರ್ತೀರಿ. ಅದು ಪಾಪ ಒಳಗೇ ಆ ಹೆಸರಿನ ಹೊಸ ಫೋಲ್ಡರ್ ಮಾಡಿ ಅಲ್ಲೇ ತುಂಬಿಸ್ತಿದೆ. ಫೈಲ್ ಇದೆ, ಕಂಟೇನರಿನ ಹೊಟ್ಟೆಯಲ್ಲಿ. ಕಂಟೇನರ್ ಅಳಿಸೋ ಮುಂಚೆ ಹೊರಗೆ ಕಾಪಿ ಮಾಡಿಕೊಳ್ಳಿ, ಅಳಿಸಿದರೆ ಅದೂ ಹೋಗುತ್ತೆ.

ಟ್ರಾನ್ಸ್‌ಮಿಷನ್ ಇಟ್ಟವರಿಗೂ ಹೇಳಿಬಿಡ್ತೀನಿ. ಅದು ಓಡ್ತಿರುವಾಗ ಸೆಟ್ಟಿಂಗ್ ಫೈಲ್ ತಿದ್ದಬೇಡಿ. ನಿಲ್ಲಿಸೋ ಹೊತ್ತಿಗೆ ತನ್ನ ನೆನಪಲ್ಲಿ ಇರೋದನ್ನೇ ಮತ್ತೆ ಬರೆದುಬಿಡುತ್ತೆ, ನೀವು ತಿದ್ದಿದ್ದು ಮಾಯ. ಮೊದಲು ನಿಲ್ಲಿಸಿ, ಆಮೇಲೆ ತಿದ್ದಿ.

ಬೆಣ್ಣೆದೋಸೆ | ಬುಧವಾರ ಮಧ್ಯಾಹ್ನ 1:25

ಅಕ್ಕಾ, ಹೊಟ್ಟೆಯಲ್ಲೇ ಇತ್ತು. 60 ಜಿಬಿ.

ಅಡಿಕೆತೋಟ | ಶುಕ್ರವಾರ ರಾತ್ರಿ 9:05

ಎಲ್ಲರಿಗೂ ದೊಡ್ಡ ನಮಸ್ಕಾರ. ಬೀಗ ಇಲ್ಲದ ಹೊಸ ಫೋಲ್ಡರ್ ಮಾಡಿ, ಹುಬ್ಬಳ್ಳಿಯವರು ಹೇಳಿದ ಹಾಗೆ ಶೆಡ್ಯೂಲ್ ಬಣ್ಣ ತುಂಬಿದೆ. ಎರಡು ರಾತ್ರಿಯಲ್ಲಿ 41 ಕೂಡ ಬಂತು, ಒಂದೂ ಎರರ್ ಇಲ್ಲ. ಇನ್ವರ್ಟರಿನ ಸ್ವಿಚ್ಚೂ ಹಾಕಿದೆ. ಪಹಣಿ ಬೀಗದೊಳಗೇ ಇದೆ. ಭಾವ ಕೊನೆಗೂ ಫೋನ್ ಮಾಡಿದ, 143ರ ವಿಷಯ ಹೇಳಿದರೆ "ಹೌದಾ? ನನ್ನ ಫೈಲೆಲ್ಲ ಇಂಗ್ಲಿಷಲ್ಲೇ ಇರ್ತಿತ್ತಲ್ಲ, ಗೊತ್ತೇ ಆಗಲಿಲ್ಲ" ಅಂದ.

ಕೂಟದವರಿಗೂ ಹೋಗಿ ಹೇಳಿದೆ, ಇನ್ನು ಮೇಲೆ ಹಾಕುವಾಗ ಹೆಸರು ಸ್ವಲ್ಪ ಗಿಡ್ಡ ಮಾಡಿ ಅಂತ. ಭಾಗವತರು ಒಪ್ಪಿದರು. ಆದರೆ ಯಾರ ಹೆಸರು ಬಿಡೋದು ಅನ್ನೋದರ ಮೇಲೆ ಅರ್ಥಧಾರಿಗಳಲ್ಲಿ ಅಲ್ಲೇ ಒಂದು ಪ್ರಸಂಗ ಶುರುವಾಯ್ತು. ಸಂಧಾನ ಮುರಿದುಬಿದ್ದಿದೆ. ಹಳೆ ಹೆಸರೇ ಮುಂದುವರಿಯುತ್ತೆ.

ಈಗ ಒಂದೇ ಒಂದು ಉಳಿದಿದೆ. ಆಯಿ ಟಿ.ವಿ.ಯಲ್ಲಿ ನ್ಯಾಸ್ ತೆಗೆದು ನೋಡಿದರೆ ಇಂಗ್ಲಿಷ್ ಹೆಸರೆಲ್ಲ ಸರಿ ಇದೆ, ಕನ್ನಡದವು ಮಾತ್ರ ಬರೀ ಚೌಕ ಚೌಕ ಕಾಣುತ್ತವೆ. "ಇದರಲ್ಲಿ ಕೃಷ್ಣ ಸಂಧಾನ ಯಾವ ಚೌಕನೋ" ಅಂತ ಕೇಳ್ತಿದ್ದಾಳೆ.

ಮಲ್ಲೇಶ್ವರಮಾಮ | ಶುಕ್ರವಾರ ರಾತ್ರಿ 9:20

ಅದು ಟಿ.ವಿ.ಯೊಳಗೆ ಕನ್ನಡ ಫಾಂಟ್ ಇಲ್ಲದ ತೊಂದರೆ, ನ್ಯಾಸಿನದಲ್ಲ. ಸದ್ಯಕ್ಕೆ ಹೆಸರಿನ ಮುಂದೆ 01, 02 ಅಂತ ಅಂಕಿ ಹಾಕಿ, ಆಯಿಗೆ ಒಂದು ಚೀಟಿ ಬರೆದುಕೊಡಿ. ಟಿ.ವಿ.ದು ಬೇರೆ ಚರ್ಚೆ ಶುರು ಮಾಡಿ ಮೇಷ್ಟ್ರೇ. ಮಾಡೆಲ್ ನಂಬರ್ ಮೊದಲೇ ಹಾಕಿಬಿಡಿ, ಈ ಸಲ ಎರಡು ದಿನ ಕಾಯಿಸಬೇಡಿ.